ಚರ್ಮರಹಿತ ಕೈಚೀಲಗಳ ಆಯ್ಕೆ: ವರ್ತಕರು ಅರಿತಿರಬೇಕಾದ ಅಂಶಗಳು

ಮಹಿಳೆಯರ ಕೈಚೀಲ ಅಥವಾ ವ್ಯಾನಿಟಿ ಬ್ಯಾಗ್ ಬಹುಕಾಲ ಪಾದರಕ್ಷೆ ಅಂಗಡಿಯ ಒಂದು ಮೂಲೆಯ ಸರಕಾಗಿತ್ತು. ಈಗ ಅದು ಸಿದ್ಧ ಉಡುಪು, ಉಡುಗೊರೆ ಮತ್ತು ಕರಕುಶಲ ವಸ್ತುಗಳ ಮಳಿಗೆಗಳಲ್ಲೂ ಸ್ಥಾನ ಪಡೆದಿದೆ. ಇದರೊಂದಿಗೆ ಗ್ರಾಹಕರ ಪ್ರಶ್ನೆಗಳೂ ಬದಲಾಗಿವೆ. ‘ಇದು ಅಸಲಿ ಚರ್ಮವೇ?’ ಎಂಬುದು ಹಿಂದಿನ ಪ್ರಶ್ನೆ. ‘ಇದರಲ್ಲಿ ಚರ್ಮ ಇಲ್ಲವಷ್ಟೆ? ಪರಿಸರಕ್ಕೆ ಹಾನಿ ಇಲ್ಲವಷ್ಟೆ?’ ಎಂಬುದು ಈಗ ಕೇಳಿಬರುತ್ತಿರುವ ಪ್ರಶ್ನೆ. ಈ ಬೇಡಿಕೆಯನ್ನು ಗುರುತಿಸಿದ ತಯಾರಕರು ‘ವೀಗನ್ ಲೆದರ್’, ‘ಸಸ್ಯಜನ್ಯ ಚರ್ಮ’ ಮುಂತಾದ ಹೆಸರುಗಳಲ್ಲಿ ಸರಕನ್ನು ಮಾರುಕಟ್ಟೆಗೆ ತಂದಿರುತ್ತಾರೆ.

ಚರ್ಮೋದ್ಯಮವನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಪ್ರಾಣಿಜನ್ಯವಲ್ಲದ ಕೈಚೀಲವನ್ನು ಖರೀದಿಸುವ ಅಥವಾ ತಯಾರಿಸುವ ವರ್ತಕರು ಯಾವುದನ್ನು, ಹೇಗೆ ಪರಿಶೀಲಿಸಬೇಕೆಂಬುದಷ್ಟೇ ಇಲ್ಲಿನ ವಿಷಯ. ಮೊದಲಿಗೆ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ‘ಪ್ರಾಣಿರಹಿತ’ ಎಂಬುದು ಒಂದು ಹೇಳಿಕೆ. ‘ಪರಿಸರಸ್ನೇಹಿ’ ಎಂಬುದು ಮತ್ತೊಂದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ತಾನಾಗಿಯೇ ನಿಜವಾಗುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ, ಚೀಲದ ಪದರ ಪದರದಲ್ಲೂ ಪರೀಕ್ಷಿಸಬೇಕಾಗುತ್ತದೆ.

ರೆಕ್ಸಿನ್‌ನಿಂದ ಪಿ.ಯು.ವರೆಗೆ

ಚರ್ಮಕ್ಕೆ ಪರ್ಯಾಯವೆಂಬುದು ಹೊಸ ಕಲ್ಪನೆಯೇನೂ ಅಲ್ಲ. ನಮ್ಮಲ್ಲಿ ಕೃತಕ ಚರ್ಮಕ್ಕೆಲ್ಲ ಹೇಳುವ ‘ರೆಕ್ಸಿನ್’ ಎಂಬ ಪದ ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಮೀಪದ ಹೈಡ್ ಪಟ್ಟಣದ ಕಂಪೆನಿಯೊಂದರ ವ್ಯಾಪಾರ ಚಿಹ್ನೆ. ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸಿ ಅದನ್ನು ತಯಾರಿಸಲಾಗುತ್ತಿತ್ತು. ಅನಂತರ ಆ ಸ್ಥಾನವನ್ನು ಪಿ.ವಿ.ಸಿ. ಮತ್ತು ಪಾಲಿಯುರೆಥೇನ್ (ಪಿ.ಯು.) ಲೇಪಿತ ಬಟ್ಟೆಗಳು ಆಕ್ರಮಿಸಿದವು. ಈಗ ಮಾರುಕಟ್ಟೆಯಲ್ಲಿರುವ ‘ವೀಗನ್ ಲೆದರ್’ ಚೀಲಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಪಿ.ವಿ.ಸಿ. ಅಗ್ಗ, ನೀರಿಗೆ ಜಗ್ಗುವುದಿಲ್ಲ. ಆದರೆ ಅದನ್ನು ಮೃದುಗೊಳಿಸಲು ಸೇರಿಸುವ ಪ್ಲಾಸ್ಟಿಸೈಜರ್ ಕಾಲಕ್ರಮೇಣ ಹೊರಸೂಸಿ ಚೀಲ ಬಿರುಸಾಗುತ್ತದೆ, ಪಕ್ಕದ ಸರಕಿಗೂ ಅಂಟು ಹತ್ತುತ್ತದೆ. ತ್ಯಾಜ್ಯವಾದಾಗ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬೀಳುತ್ತದೆ. ಪಿ.ಯು. ಸ್ಪರ್ಶಕ್ಕೆ ಚರ್ಮಕ್ಕೆ ಹತ್ತಿರವಾಗಿದ್ದು ಹಗುರವೂ ಹೌದು. ಅದರ ದೌರ್ಬಲ್ಯ ಬೇರೆ ಬಗೆಯದು. ಪಾಲಿಯೆಸ್ಟರ್ ಬಗೆಯ ಪಿ.ಯು. ಗಾಳಿಯಲ್ಲಿನ ತೇವಾಂಶದೊಡನೆ ವರ್ತಿಸಿ ನಿಧಾನವಾಗಿ ಒಡೆಯುತ್ತದೆ. ಈ ಕ್ರಿಯೆಗೆ ಜಲವಿಚ್ಛೇದನ ಎಂದು ಹೆಸರು. ಒಮ್ಮೆಯೂ ಬಳಸದೆ ಕಪಾಟಿನಲ್ಲಿಟ್ಟ ಚೀಲದ ಮೇಲ್ಮೈ ಹಪ್ಪಳದಂತೆ ಸುಲಿದು ಬರುವುದಕ್ಕೆ ಇದೇ ಕಾರಣ. ಮಂಗಳೂರು, ಕಾರವಾರದಂತಹ ಕರಾವಳಿ ಪಟ್ಟಣಗಳ ಮಳೆಗಾಲ ಈ ಕ್ರಿಯೆಗೆ ಹೇಳಿ ಮಾಡಿಸಿದ ವಾತಾವರಣ. ಪಾಲಿಕಾರ್ಬೊನೇಟ್ ಅಥವಾ ಪಾಲಿಈಥರ್ ಬಗೆಯ ಪಿ.ಯು. ಇದನ್ನು ಹೆಚ್ಚು ಸಮರ್ಥವಾಗಿ ತಾಳಿಕೊಳ್ಳುತ್ತದೆ. ಆದುದರಿಂದ ‘ಪಿ.ಯು.’ ಎಂದಷ್ಟೇ ಬರೆದ ಬೀಜಕ ಸಾಲದು. ಯಾವ ಬಗೆಯ ಪಿ.ಯು. ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ಹಣ್ಣು, ಕಳ್ಳಿ, ಅಣಬೆ: ಹೆಸರು ಮತ್ತು ಹೂರಣ

ಅನಾನಸ್ ಎಲೆಯ ನಾರಿನಿಂದ ತಯಾರಾಗುವ ‘ಪಿನ್ಯಾಟೆಕ್ಸ್’ ಸಸ್ಯಮೂಲದ ಪರ್ಯಾಯಗಳಲ್ಲಿ ಪ್ರಸಿದ್ಧವಾದುದು. ಕಾರ್ಮೆನ್ ಇಹೋಸಾ ಎಂಬ ವಿನ್ಯಾಸಕಿ ಫಿಲಿಪ್ಪೀನ್ಸ್‌ನಲ್ಲಿ ಕೊಯ್ಲಿನ ನಂತರ ಉಳಿಯುವ ಎಲೆಗಳನ್ನು ಗಮನಿಸಿ ಇದನ್ನು ರೂಪಿಸಿದರು. ಮೆಕ್ಸಿಕೊದ ಇಬ್ಬರು ಉದ್ಯಮಿಗಳು ಪಾಪಾಸುಕಳ್ಳಿಯಿಂದ ತಯಾರಿಸಿದ ‘ಡೆಸೆರ್ಟೊ’ 2019ರಲ್ಲಿ ಇಟಲಿಯ ಮಿಲಾನ್ ನಗರದ ಮೇಳದಲ್ಲಿ ಬೆಳಕಿಗೆ ಬಂದಿತು. ಕೇರಳದಲ್ಲಿ ವ್ಯರ್ಥವಾಗುವ ತೆಂಗಿನಕಾಯಿ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಪಡೆದ ಸೆಲ್ಯುಲೋಸ್‌ನಿಂದ ‘ಮಲಾಯ್’ ಎಂಬ ಹಾಳೆ ಸಿದ್ಧವಾಗುತ್ತಿದೆ.

ಈ ಸಾಧನೆಗಳು ಮೆಚ್ಚತಕ್ಕವೇ. ಆದರೆ ಎಲೆಯ ನಾರು ತಾನೇ ತಾನಾಗಿ ನೀರು ತಡೆಯುವುದಿಲ್ಲ, ಉಜ್ಜುವಿಕೆಗೆ ನಿಲ್ಲುವುದಿಲ್ಲ. ಅದಕ್ಕೆ ಬಂಧಕವೂ ಮೇಲ್ಲೇಪವೂ ಬೇಕು. ಪಿನ್ಯಾಟೆಕ್ಸ್‌ನಲ್ಲಿ ಅನಾನಸ್ ನಾರಿನೊಡನೆ ಪಿ.ಎಲ್.ಎ. ಎಂಬ ಜೈವಿಕ ಪ್ಲಾಸ್ಟಿಕ್ ಇದ್ದು, ಮೇಲೆ ರಾಳದ ಲೇಪನವಿರುತ್ತದೆ. ಜರ್ಮನಿಯ ಫ್ರೈಬರ್ಗ್‌ನ ಎಫ್.ಐ.ಎಲ್.ಕೆ. ಸಂಶೋಧನಾ ಸಂಸ್ಥೆಯ ತಜ್ಞರು ಚರ್ಮ, ಕೃತಕ ಚರ್ಮ ಹಾಗೂ ಇಂತಹ ಹೊಸ ಪರ್ಯಾಯಗಳನ್ನು ಒಟ್ಟಿಗೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಸ್ಯದ ಹೆಸರು ಹೊತ್ತ ಹಲವು ವಸ್ತುಗಳಲ್ಲಿ ಪಾಲಿಯುರೆಥೇನ್ ಕಂಡುಬಂದಿತು; ಚರ್ಮದ ಎಲ್ಲ ಗುಣಗಳನ್ನೂ ಒಟ್ಟಾಗಿ ಸರಿಗಟ್ಟಿದ ಪರ್ಯಾಯ ಒಂದೂ ಇರಲಿಲ್ಲ. ಹೀಗೆಂದು ಅವೆಲ್ಲ ನಿರುಪಯುಕ್ತವೆಂದು ಅರ್ಥವಲ್ಲ. ಕೈಚೀಲಕ್ಕೆ ಪಾದರಕ್ಷೆಯಷ್ಟು ಕಠಿಣ ಗುಣಗಳು ಬೇಕಿಲ್ಲ. ಆದರೆ ‘ಕಳ್ಳಿಯ ಚರ್ಮ’ ಎಂದು ಕೊಂಡಾಗ ಅದರಲ್ಲಿ ಕಳ್ಳಿಯ ಪಾಲು ಶೇಕಡಾ ಎಷ್ಟು, ಉಳಿದುದು ಏನು ಎಂಬ ವಿವರ ಕೇಳುವ ಹಕ್ಕು ಖರೀದಿದಾರರಿಗಿದೆ.

ಪೂರೈಕೆಯ ನಿಶ್ಚಿತತೆಯೂ ಮುಖ್ಯ. ಅಣಬೆಯ ಬೇರುಜಾಲದಿಂದ ತಯಾರಾದ ‘ಮೈಲೊ’ ಎಂಬ ವಸ್ತುವಿನಿಂದ ಪ್ರಾಣಿಚರ್ಮ ಬಳಸದ ವಿನ್ಯಾಸಕಿಯೆಂದು ಹೆಸರಾದ ಸ್ಟೆಲ್ಲಾ ಮೆಕಾರ್ಟ್ನಿ ಅವರ ಸಂಸ್ಥೆ 2022ರಲ್ಲಿ ಕೈಚೀಲ ಮಾರಾಟಕ್ಕಿಟ್ಟಿತು. ಬಂಡವಾಳದ ಕೊರತೆಯಿಂದ 2023ರಲ್ಲಿ ಮೈಲೊ ಉತ್ಪಾದನೆಯೇ ನಿಂತಿತು. ಒಂದೇ ಕಾರ್ಖಾನೆಯ ಒಂದೇ ವಸ್ತುವನ್ನು ನಂಬಿ ಇಡೀ ಋತುವಿನ ಸರಕನ್ನು ಯೋಜಿಸುವುದು ಸಣ್ಣ ವರ್ತಕರಿಗೆ ಹಿತವಲ್ಲವೆಂಬುದಕ್ಕೆ ಇದು ನಿದರ್ಶನ.

ಹಳೆಯ ವಸ್ತುಗಳ ಹೊಸ ಬಲ

ಹೊಸ ಹೆಸರುಗಳ ನಡುವೆ ಹತ್ತಿ, ಸೆಣಬು, ಬಾಳೆನಾರು ಮತ್ತು ಕಾರ್ಕ್ ಮರೆಯಾಗಬಾರದು. ದಪ್ಪ ಹತ್ತಿ ಕ್ಯಾನ್ವಾಸ್ ದುರಸ್ತಿಗೆ ಸುಲಭ, ಒಗೆಯಲು ಬರುತ್ತದೆ, ಸುಲಿಯುವ ಲೇಪನವಿಲ್ಲ. ದಿನಬಳಕೆಯ ಚೀಲಕ್ಕೆ 12 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಕದ ಕ್ಯಾನ್ವಾಸ್ ಯೋಗ್ಯ. ಸೆಣಬು ಅಗ್ಗವಾದರೂ ತೇವದಲ್ಲಿ ಬಲ ಕುಂದಿ ಬೂಷ್ಟು ಹಿಡಿಯುತ್ತದೆ. ಇದನ್ನು ತಡೆಯಲು ಒಳಬದಿಗೆ ಪಾಲಿಥೀನ್ ಪದರ ಅಂಟಿಸುವುದುಂಟು. ಹಾಗೆ ಮಾಡಿದ ಚೀಲ ಹೊರಗಿನಿಂದ ಸೆಣಬು, ಒಳಗಿನಿಂದ ಪ್ಲಾಸ್ಟಿಕ್. ಕಾರ್ಕ್ ಎಂಬುದು ಓಕ್ ಜಾತಿಯ ಮರವೊಂದರ ತೊಗಟೆ. ಅದರ ಉತ್ಪಾದನೆಯಲ್ಲಿ ಮೊದಲ ಸ್ಥಾನದಲ್ಲಿರುವ ಪೋರ್ಚುಗಲ್‌ನಲ್ಲಿ ಮರ ಕಡಿಯದೆ, ಒಂಬತ್ತು ವರ್ಷಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ ತೊಗಟೆ ಸುಲಿಯಲಾಗುತ್ತದೆ. ಕಾರ್ಕ್ ಹಗುರವಾಗಿದ್ದು ನೀರನ್ನು ತಡೆಯುತ್ತದೆ. ಆದರೆ ಆಮದು ಸರಕಾದುದರಿಂದ ಬೆಲೆ ಅಧಿಕ. ಅದನ್ನು ಅಂಟಿಸಿರುವ ಹಿಂಬದಿಯ ಬಟ್ಟೆ ಹತ್ತಿಯೋ ಪಾಲಿಯೆಸ್ಟರೋ ಎಂಬುದನ್ನೂ ವಿಚಾರಿಸಬೇಕು.

ಕರ್ನಾಟಕದ ಕುಶಲಕರ್ಮಿಗಳಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ಆನೆಗುಂದಿಯಲ್ಲಿ ಮಹಿಳೆಯರು ಬಾಳೆನಾರಿನಿಂದ ಚೀಲಗಳನ್ನು ಹೆಣೆಯುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಉಂಟು. ಆದರೆ ‘ಪ್ರಾಣಿರಹಿತ’ ಎಂಬ ಚೀಟಿ ಅಂಟಿಸುವ ಮೊದಲು ಎಚ್ಚರ ಅಗತ್ಯ. ಲಂಬಾಣಿ ಕಸೂತಿಯಲ್ಲಿ ಹೊಲಿಯುವ ಕವಡೆ ಸಮುದ್ರಜೀವಿಯ ಚಿಪ್ಪು. ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೂ ಸೆರಗಿನಲ್ಲಿ ರೇಷ್ಮೆ ಇರುವುದುಂಟು. ಗುಳೇದಗುಡ್ಡದ ಖಣದಲ್ಲೂ ರೇಷ್ಮೆ ಬೆರೆತಿರಬಹುದು. ಕವಡೆಗೆ ಬದಲಾಗಿ ಮರದ ಮಣಿ, ರೇಷ್ಮೆಗೆ ಬದಲಾಗಿ ಹತ್ತಿಯ ನೂಲು ಬಳಸಿದರೆ ಕಲೆಯೂ ಉಳಿಯುತ್ತದೆ, ಹೇಳಿಕೆಯೂ ಸತ್ಯವಾಗುತ್ತದೆ.

ಅಂದದ ವಿಚಾರ

ಕೈಚೀಲ ಮೊದಲು ಕಣ್ಣಿಗೆ ಒಪ್ಪಬೇಕು. ಪರಿಸರದ ಹೆಸರಿನಲ್ಲಿ ಅಂದಗೆಟ್ಟ ಚೀಲವನ್ನು ಗ್ರಾಹಕರು ಎರಡನೆಯ ಬಾರಿ ಕೊಳ್ಳುವುದಿಲ್ಲ. ವಸ್ತುವಿನ ಸ್ವಭಾವಕ್ಕೆ ಹೊಂದುವ ಆಕಾರವೇ ಅಂದದ ಮೂಲ. ಕಾರ್ಕ್ ಮತ್ತು ದಪ್ಪ ಪಿ.ಯು. ಹಾಳೆ ನಿಲುವಿನ ಚೌಕಾಕಾರದ ಚೀಲಕ್ಕೂ ಸಣ್ಣ ಪರ್ಸಿಗೂ ತಕ್ಕುವು. ಕ್ಯಾನ್ವಾಸ್ ಮತ್ತು ಖಾದಿ ಮಡಿಕೆ ಬೀಳುವ ಹೆಗಲು ಚೀಲಕ್ಕೆ ಒಪ್ಪುತ್ತವೆ. ಬಾಳೆನಾರಿನ ಹೆಣಿಗೆಗೆ ಅದರ ಸಹಜ ಹೊಂಬಣ್ಣವೇ ಶೋಭೆ; ಗಾಢ ಬಣ್ಣ ಹಾಕಿದರೆ ನಾರಿನ ಹೊಳಪು ಮಂಕಾಗುತ್ತದೆ. ಚರ್ಮವನ್ನು ಅನುಕರಿಸುವ ಉಬ್ಬು ಮುದ್ರೆಗಿಂತ ವಸ್ತುವಿನ ಸ್ವಂತ ರೂಪವನ್ನು ತೋರಿಸುವ ಚೀಲ ಬೇಗನೆ ಹಳತೆನಿಸುವುದಿಲ್ಲ.

ಖರೀದಿಗೆ ಮುನ್ನ ಆರು ಪ್ರಶ್ನೆಗಳು

1. ಮೇಲ್ಮೈ, ಹಿಂಬದಿ ಬಟ್ಟೆ ಮತ್ತು ಲೇಪನ ಯಾವ ಯಾವ ವಸ್ತುವಿನಿಂದ, ಶೇಕಡಾ ಎಷ್ಟು ಪ್ರಮಾಣದಲ್ಲಿ ಆಗಿವೆ? ಚೀಲದ ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಪದರಗಳು ಕಾಣುತ್ತವೆ.

2. ಅಂಟು, ಗುಂಡಿ, ಅಸ್ತರಿ, ಜಿಪ್ ತುದಿಯ ಪಟ್ಟಿಗಳಲ್ಲಿ ಮೂಳೆ, ಕೊಂಬು, ಉಣ್ಣೆ ಅಥವಾ ಚರ್ಮದ ಚೂರು ಇದೆಯೇ? ಮೇಣ ಹಚ್ಚಿದ ಕ್ಯಾನ್ವಾಸ್ ಆದರೆ ಅದು ಜೇನುಮೇಣವೇ?

3. ತೇವಾಂಶ ತಾಳಿಕೆಯ ಪರೀಕ್ಷೆ ಆಗಿದೆಯೇ? ಲೇಪಿತ ಬಟ್ಟೆಗಳಿಗೆ ಐ.ಎಸ್.ಒ. 1419 ಮಾನದಂಡದಲ್ಲಿ ಬಿಸಿ ಮತ್ತು ತೇವದ ಪರೀಕ್ಷಾ ವಿಧಾನವಿದೆ. ಉಜ್ಜುವಿಕೆಗೆ ಮಾರ್ಟಿಂಡೇಲ್ ಪರೀಕ್ಷೆ ಪ್ರಚಲಿತ.

4. ಬಣ್ಣ ಬಿಡುತ್ತದೆಯೇ? ಒಣ ಹಾಗೂ ಒದ್ದೆಯ ಬಿಳಿ ಬಟ್ಟೆಯಿಂದ ಹತ್ತಾರು ಬಾರಿ ಉಜ್ಜಿ ನೋಡುವುದು ಅಂಗಡಿಯಲ್ಲೇ ಸಾಧ್ಯ.

5. ಹಿಡಿ ಮತ್ತು ಹೊಲಿಗೆ ಭಾರ ತಡೆಯುತ್ತವೆಯೇ? ಮಾದರಿ ಚೀಲದಲ್ಲಿ 5 ಕಿಲೋ ತೂಕವಿಟ್ಟು ಎರಡು ದಿನ ತೂಗುಹಾಕಿದರೆ ಹಿಡಿಯ ಬುಡದ ದೋಷ ಬಯಲಾಗುತ್ತದೆ.

6. ಪ್ರಮಾಣಪತ್ರ ಯಾವುದು, ಅದು ಏನನ್ನು ಖಚಿತಪಡಿಸುತ್ತದೆ? ಪೇಟಾ ಸಂಸ್ಥೆಯ ‘ವೀಗನ್’ ಚಿಹ್ನೆ ಪ್ರಾಣಿಮೂಲ ಇಲ್ಲವೆಂಬುದಕ್ಕೆ ಸಂಬಂಧಿಸಿದುದು. ಗಾಟ್ಸ್ (ಜಿ.ಒ.ಟಿ.ಎಸ್.) ಸಾವಯವ ನಾರಿಗೆ, ಜಿ.ಆರ್.ಎಸ್. ಮರುಬಳಕೆಯ ವಸ್ತುವಿಗೆ, ಓಯಿಕೊ-ಟೆಕ್ಸ್ 100 ಹಾನಿಕಾರಕ ರಾಸಾಯನಿಕಗಳ ಮಿತಿಗೆ ಸಂಬಂಧಿಸಿವೆ. ಒಂದು ಚಿಹ್ನೆ ಇನ್ನೊಂದರ ಕೆಲಸ ಮಾಡದು.

ಬಾಳಿಕೆಯ ಲೆಕ್ಕ

ಪರಿಸರದ ದೃಷ್ಟಿಯಿಂದಲೂ ವ್ಯಾಪಾರದ ದೃಷ್ಟಿಯಿಂದಲೂ ನಿರ್ಣಾಯಕವಾದುದು ಚೀಲದ ಆಯಸ್ಸು. ಉದಾಹರಣೆಗೆ, 900 ರೂಪಾಯಿಯ ಚೀಲ ಒಂದೂವರೆ ವರ್ಷಕ್ಕೆ ಸುಲಿದರೆ ಗ್ರಾಹಕರಿಗೆ ವರ್ಷಕ್ಕೆ 600 ರೂಪಾಯಿ ತಗಲುತ್ತದೆ. 2,400 ರೂಪಾಯಿಯ ಚೀಲ ಆರು ವರ್ಷ ಬಾಳಿದರೆ ವರ್ಷಕ್ಕೆ 400 ರೂಪಾಯಿ ಮಾತ್ರ. ಅಲ್ಲದೆ ಆರು ವರ್ಷಗಳಲ್ಲಿ ಮೊದಲ ಬಗೆಯ ನಾಲ್ಕು ಚೀಲಗಳು ಕಸದ ತೊಟ್ಟಿ ಸೇರಿರುತ್ತವೆ. ಈ ಲೆಕ್ಕವನ್ನು ಗ್ರಾಹಕರ ಮುಂದಿಡಬಲ್ಲ ಮಾರಾಟಗಾರರಿಗೆ ಬೆಲೆ ಇಳಿಸುವ ಪ್ರಮೇಯ ಕಡಿಮೆ. ಹಿಡಿ, ಜಿಪ್ ಬದಲಿಸಿಕೊಡುವ ಸೌಲಭ್ಯವಿದ್ದರೆ ಗ್ರಾಹಕರು ಮರಳಿ ಅದೇ ಮಳಿಗೆಗೆ ಬರುತ್ತಾರೆ.

ದಾಸ್ತಾನಿನಲ್ಲೂ ಶಿಸ್ತು ಬೇಕು. ಪಿ.ಯು. ಚೀಲಗಳ ಮೇಲೆ ತಯಾರಿಕೆಯ ತಿಂಗಳನ್ನು ಗುರುತಿಸಿ ಮೊದಲು ಬಂದುದನ್ನು ಮೊದಲು ಮಾರಬೇಕು. ತೇವ ಹಿಡಿದಿಡುವ ಬಿಗಿಯಾದ ಪ್ಲಾಸ್ಟಿಕ್ ಹೊದಿಕೆಗಿಂತ ತೆಳು ಹತ್ತಿಬಟ್ಟೆಯ ಹೊದಿಕೆ ಲೇಸು. ಪಿ.ವಿ.ಸಿ. ಸರಕನ್ನು ಇತರ ಚೀಲಗಳಿಗೆ ತಾಗದಂತೆ ಇರಿಸಬೇಕು.

ಕಾನೂನಿನ ಹೊಣೆ

ತೆರಿಗೆ ವರ್ಗೀಕರಣದಲ್ಲಿ ಕೈಚೀಲಗಳು 4202 ಶೀರ್ಷಿಕೆಗೆ ಸೇರುತ್ತವೆ. ಹೊರಮೈ ಚರ್ಮದ್ದಾದರೆ 4202 21, ಪ್ಲಾಸ್ಟಿಕ್ ಹಾಳೆ ಅಥವಾ ಬಟ್ಟೆಯದಾದರೆ 4202 22, ಇತರ ವಸ್ತುವಾದರೆ 4202 29 ಎಂಬ ವಿಭಾಗವಿರುವುದರಿಂದ ಬೀಜಕದಲ್ಲಿ ‘ಲೆದರ್ ಬ್ಯಾಗ್’ ಎಂದು ಸಡಿಲವಾಗಿ ನಮೂದಿಸುವುದು ತಪ್ಪು ವರ್ಗೀಕರಣಕ್ಕೆ ದಾರಿಯಾಗುತ್ತದೆ. ಇಟಲಿಯಲ್ಲಂತೂ 2020ರ ಶಾಸನದ ಪ್ರಕಾರ ಪ್ರಾಣಿಮೂಲವಲ್ಲದ ವಸ್ತುವನ್ನು ‘ಚರ್ಮ’ ಎಂಬ ಪದದಿಂದ ಮಾರುವಂತಿಲ್ಲ. ರಫ್ತುದಾರರು ಇದನ್ನು ಗಮನದಲ್ಲಿಡಬೇಕು.

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹಸಿರು ಸೋಗಿನ ಜಾಹೀರಾತುಗಳ ಕುರಿತು ಮಾರ್ಗಸೂಚಿ ಹೊರಡಿಸಿದೆ. ಪರಿಸರಸ್ನೇಹಿ, ಸುಸ್ಥಿರ, ನೈಸರ್ಗಿಕ, ಹಿಂಸಾಮುಕ್ತ ಮುಂತಾದ ಪದಗಳನ್ನು ಸೂಕ್ತ ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅನ್ಯರು ತಯಾರಿಸಿದ ಸರಕಿಗೆ ತನ್ನ ಚಿಹ್ನೆ ಹಾಕಿಸುವವರೂ ಆ ಕಾಯಿದೆಯ ವ್ಯಾಖ್ಯೆಯಲ್ಲಿ ತಯಾರಕರೇ. ಹೊರಗಿನಿಂದ ಚೀಲ ತರಿಸಿ ಸ್ವಂತ ಹೆಸರಿನ ಚೀಟಿ ಹೊಲಿಸುವ ಮಳಿಗೆಗಳಿಗೆ ಈ ಅಂಶ ನೇರವಾಗಿ ಅನ್ವಯಿಸುತ್ತದೆ.

ಹೀಗಾಗಿ ಚೀಟಿಯ ಮೇಲೆ ‘ಪರಿಸರಸ್ನೇಹಿ ವೀಗನ್ ಲೆದರ್’ ಎಂಬ ಘೋಷಣೆಗಿಂತ ‘ಹೊರಮೈ: ಹತ್ತಿ ಕ್ಯಾನ್ವಾಸ್, ಅಸ್ತರಿ: ಹತ್ತಿ, ಹಿಡಿ: ಪಿ.ಯು.; ಪ್ರಾಣಿಮೂಲದ ವಸ್ತು ಬಳಸಿಲ್ಲ’ ಎಂಬ ನಾಲ್ಕು ಸಾಲಿನ ವಿವರ ಹೆಚ್ಚು ಬೆಲೆಯುಳ್ಳದ್ದು. ಅದು ಗ್ರಾಹಕರ ಪ್ರಶ್ನೆಗೆ ಉತ್ತರ, ಅಧಿಕಾರಿಗಳ ವಿಚಾರಣೆಗೆ ದಾಖಲೆ. ಸರಬರಾಜುದಾರರಿಂದ ಇಷ್ಟು ವಿವರವನ್ನು ಬರಹದಲ್ಲಿ ಪಡೆಯಲಾಗದಿದ್ದರೆ, ಚೀಲ ಎಷ್ಟೇ ಚೆಲುವಾಗಿದ್ದರೂ ಆ ಸರಕನ್ನು ಈ ಹೇಳಿಕೆಯೊಂದಿಗೆ ಮಾರದಿರುವುದೇ ವಿವೇಕ.