ಗಣಕಯಂತ್ರ ನಿಧಾನವಾದಾಗ: ಹಳೆಯ ಹಾರ್ಡ್ ಡಿಸ್ಕಿನ ಪರೀಕ್ಷೆ ಮತ್ತು ಉಪಚಾರ



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ಸಂಘದ ಲೆಕ್ಕವೆಲ್ಲ ಕಾಗದದ ಖಾತೆ ಪುಸ್ತಕದಲ್ಲಿ ಇರುತ್ತಿತ್ತು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಇಂದು ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಯಾವ ಕಡೆಗೆ ಹೋದರೂ ಸಂಘದ ಕಚೇರಿಯಲ್ಲಿ ಒಂದು ಗಣಕಯಂತ್ರ ಇದ್ದೇ ಇರುತ್ತದೆ. ಅನೇಕ ಬೆಳೆಗಾರರ ಮನೆಯಲ್ಲಿಯೂ ಹತ್ತು ಹನ್ನೆರಡು ವರ್ಷದ ಹಳೆಯ ಯಂತ್ರವೊಂದು ಮೂಲೆಯಲ್ಲಿ ಕೆಲಸ ಮಾಡುತ್ತಿದೆ. ಕೂಲಿಯ ಲೆಕ್ಕ, ಅಡಿಕೆಯ ತೂಕದ ಪಟ್ಟಿ, ಕಾಫಿ ಮಾರಿದ ಬಿಲ್ಲು, ಸಾಲದ ಕಂತು ಎಲ್ಲವೂ ಅದರ ಹೊಟ್ಟೆಯಲ್ಲಿವೆ.

ಕಾಗದದ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಡಿಸ್ಕಿಗೆ ರೋಗ ಹತ್ತಿದರೆ ಕಾಣುವುದಿಲ್ಲ. ಯಂತ್ರ ನಿಧಾನವಾಗುತ್ತದೆ, ಅಷ್ಟೇ. ಆದುದರಿಂದ ಈ ನಿಧಾನಗತಿಯನ್ನು ಬರೀ ಮುಪ್ಪೆಂದು ತಳ್ಳಿಹಾಕಬಾರದು. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಜೋತುಬಿದ್ದರೆ ನೀರಿನ ಕೊರತೆಯೂ ಇರಬಹುದು, ಬಿಳಿ ಕಾಂಡಕೊರಕವೂ ಇರಬಹುದು. ಮೊದಲನೆಯದಕ್ಕೆ ನೀರು ಸಾಕು. ಎರಡನೆಯದಾದರೆ ಗಿಡವನ್ನೇ ಕಿತ್ತು ಸುಡಬೇಕು. ಕಾಂಡವನ್ನು ಮುಟ್ಟಿ ನೋಡದೆ ತೀರ್ಮಾನಿಸುವುದು ತಪ್ಪು. ಡಿಸ್ಕಿನ ವಿಷಯವೂ ಹಾಗೆಯೇ.

ಡಿಸ್ಕು ಕೆಲಸ ಮಾಡುವ ರೀತಿ

ಹಾರ್ಡ್ ಡಿಸ್ಕಿನ ಒಳಗೆ ಗ್ರಾಮಫೋನ್ ತಟ್ಟೆಯಂಥ ನುಣುಪಾದ ತಟ್ಟೆಗಳಿವೆ. ಅವು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ತಟ್ಟೆಗೆ ತಾಗದಂತೆ, ಒಂದು ಸಣ್ಣ ತಲೆ ಅತ್ತಿತ್ತ ಚಲಿಸಿ ಕಾಂತೀಯ ಬರಹವನ್ನು ಓದುತ್ತದೆ. ಬೇಕಾದ ಜಾಗಕ್ಕೆ ತಲೆ ತಲುಪಲು ಸುಮಾರು 9 ಮಿಲಿ ಸೆಕೆಂಡು, ತಟ್ಟೆ ತಿರುಗಿ ಬರಲು ಸರಾಸರಿ 4 ಮಿಲಿ ಸೆಕೆಂಡು, ಒಟ್ಟು 13. ಅಂದರೆ ಚದುರಿದ ಬರಹವನ್ನು ಸೆಕೆಂಡಿಗೆ ಸುಮಾರು 75 ಸಲ ಮಾತ್ರ ಹುಡುಕಬಲ್ಲದು. ಸಾವಿರ ತುಣುಕುಗಳನ್ನು ಹುಡುಕಲು 13 ಸೆಕೆಂಡು ಬೇಕು.

ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ಎಷ್ಟಿದ್ದರೂ ಹೊಲಕ್ಕೆ ಬರುವುದು ತೂಬಿನಲ್ಲಿ ಹಿಡಿಯುವಷ್ಟೇ. ಡಿಸ್ಕಿನ ಸಾಮರ್ಥ್ಯ ದೊಡ್ಡದು, ತೂಬು ಸಣ್ಣದು. ಹಲವು ಕಾರ್ಯಕ್ರಮಗಳು ಒಮ್ಮೆಲೇ ನೀರು ಕೇಳಿದರೆ ಯಾರಿಗೂ ಸರಿಯಾಗಿ ಸಿಗುವುದಿಲ್ಲ.

ಮೊದಲನೆಯ ಹೆಜ್ಜೆ: ನಕಲು

ಯಾವ ಪರೀಕ್ಷೆಗೂ ಮುನ್ನ ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಿಕೊಳ್ಳತಕ್ಕದ್ದು. ಎರಡು ನಕಲು ಇರಲಿ. ಒಂದು ಕಚೇರಿಯ ಹೊರಗೆ ಇರಲಿ. ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಅದು ನಕಲು. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆಯೇ ಸಿಂಪಡಿಸುತ್ತೇವಲ್ಲದೆ ಕಾಯಿ ಉದುರಿದ ಮೇಲಲ್ಲ.

ಎರಡನೆಯ ಹೆಜ್ಜೆ: ಕೆಲಸದ ಹೊರೆ ನೋಡುವುದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಡಿಸ್ಕ್ ಎಂಬ ಅಂಕಣ ಯಾವಾಗಲೂ ಶೇಕಡಾ 100ರ ಬಳಿ ನಿಂತಿದ್ದರೆ ಯಾವ ಕಾರ್ಯಕ್ರಮ ಹೆಚ್ಚು ಎಳೆಯುತ್ತಿದೆ ಎಂದು ನೋಡಿರಿ. ವೈರಸ್ ತಪಾಸಣೆಯಾದರೆ ಅದನ್ನು ಊಟದ ಹೊತ್ತಿಗೆ ನಿಗದಿ ಮಾಡಿರಿ. ಯಂತ್ರ ಶುರುವಾಗುವಾಗ ತಾನಾಗಿ ಏಳುವ ಅನಾವಶ್ಯಕ ಕಾರ್ಯಕ್ರಮಗಳನ್ನು ಸ್ಟಾರ್ಟಪ್ ಪಟ್ಟಿಯಲ್ಲಿ ನಿಲ್ಲಿಸಿರಿ.

ಮೆಮೊರಿ ಎಂಬ ಅಂಕಣವನ್ನೂ ನೋಡಿರಿ. ಅದು ತುಂಬಿದ್ದರೆ ಯಂತ್ರವು ಉಳಿದುದನ್ನು ಡಿಸ್ಕಿನ ಮೇಲೆ ಇಟ್ಟು ತೆಗೆದು ಮಾಡುತ್ತದೆ. ಆಗ ದೋಷ ಡಿಸ್ಕಿನದಲ್ಲ, ರ್‍ಯಾಮಿನ ಕೊರತೆಯದು. 2 ಜಿಬಿ ಇದ್ದಲ್ಲಿ 4 ಅಥವಾ 8 ಮಾಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಡಿಡಿಆರ್ 2, ಡಿಡಿಆರ್ 3 ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ; ಹಳೆಯ ತುಂಡನ್ನು ಅಂಗಡಿಗೆ ಒಯ್ದು ತೋರಿಸಿ ಕೊಳ್ಳಿರಿ.

ಮೂರನೆಯ ಹೆಜ್ಜೆ: ಡಿಸ್ಕಿನ ಆರೋಗ್ಯ

ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ನಾಲ್ಕು ಸಾಲುಗಳನ್ನು ಗಮನಿಸಿದರೆ ಸಾಕು. ಮೊದಲನೆಯದು, ಕೆಟ್ಟ ಜಾಗವನ್ನು ಬಿಟ್ಟು ಬದಲಿ ಜಾಗ ಕೊಟ್ಟ ಲೆಕ್ಕ. ಎರಡನೆಯದು, ಓದಲಾರದೆ ಅನುಮಾನದಲ್ಲಿಟ್ಟ ಜಾಗಗಳ ಲೆಕ್ಕ. ಮೂರನೆಯದು, ಸರಿಪಡಿಸಲಾಗದ ಜಾಗಗಳ ಲೆಕ್ಕ. ಇವು ಕ್ರಮವಾಗಿ 5, 197, 198ನೆಯ ಸಂಖ್ಯೆಯ ಸಾಲುಗಳು. ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸಿದರೆ ಇವೇ 05, ಸಿ5, ಸಿ6 ಎಂದು ಕಾಣುತ್ತವೆ. ಈ ಮೂರರ ಮೂಲ ಲೆಕ್ಕ ಸೊನ್ನೆ ಇದ್ದರೆ ಒಳ್ಳೆಯದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಕೊರಕ ಕಾಂಡದೊಳಗೆ ಸೇರಿದೆ ಎಂದೇ ತಿಳಿಯಬೇಕು. ಕೆಟ್ಟ ಜಾಗವನ್ನು ಡಿಸ್ಕು ಪುನಃ ಪುನಃ ಓದಲು ಹೆಣಗುವುದೇ ನಿಧಾನಕ್ಕೆ ಕಾರಣ.

ಇಂಥ ಡಿಸ್ಕಿನ ಮೇಲೆ ಕಡತ ಜೋಡಣೆ, ಇಡೀ ಡಿಸ್ಕಿನ ದೀರ್ಘ ತಪಾಸಣೆ ಮಾಡಕೂಡದು. ಆ ಶ್ರಮದಲ್ಲಿಯೇ ಅದು ನಿಂತುಹೋಗಬಹುದು. ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಯಂತ್ರವನ್ನು ಆರಿಸಿಬಿಡಿರಿ. ನಕಲು ಇಲ್ಲದಿದ್ದಲ್ಲಿ ದತ್ತಾಂಶ ತೆಗೆಯಬಲ್ಲ ನುರಿತವರಲ್ಲಿಗೆ ಒಯ್ಯಿರಿ. ಡಿಸ್ಕನ್ನು ಬಿಚ್ಚುವುದು ಎಂದೂ ಸಲ್ಲದು.

ನಾಲ್ಕನೆಯ ಸಾಲು 199, ಅಂದರೆ ಸಿ7. ಇದು ಏರುತ್ತಿದ್ದರೆ ಡಿಸ್ಕು ಚೆನ್ನಾಗಿಯೇ ಇದ್ದು ತಂತಿಪಟ್ಟಿ ಅಥವಾ ಅದರ ಜೋಡಣೆ ಕೆಟ್ಟಿರುವುದು ಹೆಚ್ಚು ಸಂಭವ. ಯಂತ್ರವನ್ನು ಆರಿಸಿ, ಪ್ಲಗ್ಗು ಕಿತ್ತು, ಹೊಸ ತಂತಿಪಟ್ಟಿ ಹಾಕಿ ನೋಡಿರಿ. ಹಳೆಯ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲ. ಏರುವುದು ನಿಂತರೆ ದೋಷ ಹೋಯಿತೆಂದು ತಿಳಿಯಬೇಕು.

ವಿಂಡೋಸ್ ಎಕ್ಸ್‌ಪಿ ಕಾಲದ ಅಗಲ ಪಟ್ಟಿಯ ಯಂತ್ರಗಳಲ್ಲಿ ಇನ್ನೊಂದು ವಿಶೇಷವಿದೆ. ಇಂಥ ದೋಷ ಮರುಕಳಿಸಿದರೆ ಎಕ್ಸ್‌ಪಿಯು ಡಿಎಂಎ ಎಂಬ ವೇಗದ ವಿಧಾನವನ್ನು ಬಿಟ್ಟು ಪಿಐಒ ಎಂಬ ನಿಧಾನ ವಿಧಾನಕ್ಕೆ ಇಳಿಯುತ್ತದೆ, ತಾನಾಗಿ ಮೇಲೇರುವುದಿಲ್ಲ. ತಂತಿಪಟ್ಟಿ ಬದಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು ತೆಗೆದುಹಾಕಿ ಯಂತ್ರವನ್ನು ಮತ್ತೆ ಹಚ್ಚಿದರೆ ಅದು ಹೊಸದಾಗಿ ಡಿಎಂಎ ಹಿಡಿಯುತ್ತದೆ.

ನಾಲ್ಕನೆಯ ಹೆಜ್ಜೆ: ಶುಚಿ ಮತ್ತು ಜೋಡಣೆ

ಡಿಸ್ಕು ನಿರೋಗಿ ಎಂದು ಖಚಿತವಾದ ಮೇಲೆಯೇ ಇದನ್ನು ಮಾಡಬೇಕು. ಐದರಲ್ಲಿ ಒಂದು ಪಾಲು ಜಾಗವನ್ನಾದರೂ ಖಾಲಿ ಬಿಡಿರಿ. ಡಿಸ್ಕ್ ಕ್ಲೀನಪ್ ಮೂಲಕ ಕಸದ ಕಡತಗಳನ್ನು ತೆಗೆಯಿರಿ. ಒಬ್ಬ ರೈತನ ಎಂಟು ಎಕರೆ ಐದು ಕಡೆ ಚದುರಿದ್ದರೆ ಎತ್ತು ಉಳುವುದಕ್ಕಿಂತ ನಡೆಯುವುದೇ ಹೆಚ್ಚಾಗುತ್ತದೆ. ಕಡತದ ತುಣುಕುಗಳನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಡಿಫ್ರ್ಯಾಗ್ ಎನ್ನುತ್ತಾರೆ. ತಿರುಗುವ ಡಿಸ್ಕಿಗೆ ಇದು ಹಿತ. ಎಸ್‌ಎಸ್‌ಡಿಗೆ ಇದರ ಅಗತ್ಯವಿಲ್ಲ.

ನಮ್ಮ ಎರೆಭೂಮಿಯ ಬೇಸಿಗೆಯ ಧೂಳು ಮುಚ್ಚಿದ ಡಿಸ್ಕಿನೊಳಗೆ ಹೋಗುವುದಿಲ್ಲ. ಆದರೆ ಫ್ಯಾನಿಗೆ ಕಟ್ಟಿಕೊಂಡು ಒಳಗೆ ಶಾಖ ಏರಿಸುತ್ತದೆ. ವರ್ಷಕ್ಕೆ ಎರಡು ಸಲ ಪ್ಲಗ್ಗು ಕಿತ್ತು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಕೆಡುವುದುಂಟು, ಯುಪಿಎಸ್ ಇರಲೇಬೇಕು.

ಬದಲಿಸುವುದಾದರೆ

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. 13 ಮಿಲಿ ಸೆಕೆಂಡಿನ ಹುಡುಕಾಟ ಅದರಲ್ಲಿ 0.1ರ ಸುಮಾರಿಗೆ ಇಳಿಯುತ್ತದೆ. ಸಾಟಾ ಜೋಡಣೆಯಿರುವ ಹಳೆಯ ಯಂತ್ರಕ್ಕೂ ಅದು ಕೂಡುತ್ತದೆ. ಹೊಸ ಯಂತ್ರ ಕೊಳ್ಳುವ ಮುನ್ನ ಈ ಖರ್ಚನ್ನು ತೂಗಿ ನೋಡಿರಿ. ಆದರೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟರ್ನೆಟ್ಟಿನಲ್ಲಿ ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದ ಬಗ್ಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೆಗೆದ ಡಿಸ್ಕನ್ನು ಗುಜರಿಗೆ ಹಾಕಬಾರದು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಸದಸ್ಯರ ಖಾತೆ ಅಳಿದುಹೋಗುವುದಿಲ್ಲ. ಪೂರ್ತಿ ಅಳಿಸಿ, ಇ-ತ್ಯಾಜ್ಯವನ್ನು ನಿಯಮದಂತೆ ಪಡೆಯುವವರಿಗೆ ಒಪ್ಪಿಸಿರಿ.

ಕೊನೆಯದಾಗಿ ಇಷ್ಟನ್ನು ನೆನಪಿಡಿರಿ: ಮೊದಲು ನಕಲು, ಆಮೇಲೆ ಪರೀಕ್ಷೆ, ಅದರ ನಂತರ ಉಪಚಾರ. ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ. ಬಡ ಸದಸ್ಯನೊಬ್ಬ ಕಟ್ಟಿದ ಕಂತಿನ ದಾಖಲೆ ಅಳಿದರೆ ಅವನು ಅದನ್ನು ಎಲ್ಲಿಂದ ತಂದಾನು?

— ಕಾರ್ಯದರ್ಶಿ