ನಿತ್ಯ, ಅನಿತ್ಯ ಮತ್ತು ‘ನಿಚಿಜೋ’




*ಇಂದಿನ ಚಿಂತನೆ* ಒಂದು ಜಪಾನಿ ಕಾರ್ಟೂನಿನಿಂದ ಶುರುವಾಗುತ್ತದೆ. ಹಿರಿಯರು ಹುಬ್ಬು ಗಂಟಿಕ್ಕಬೇಡಿ, ಮಧುಪಿಂಡಿಕ ಸುತ್ತಕ್ಕೇ ಬಂದು ಸೇರುತ್ತೇವೆ. ಮನೆಯಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿದ್ದರೆ ‘ಅನಿಮೆ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಅದರಲ್ಲಿ ‘ನಿಚಿಜೋ’ ಎಂಬುದೊಂದಿದೆ. ಕೆಯಿಚಿ ಅರಾವಿ ಎಂಬ ಚಿತ್ರಕಾರರು 2006ರಲ್ಲಿ ಆರಂಭಿಸಿದ ಚಿತ್ರಕಥೆ ಇದು. 2011ರಲ್ಲಿ ಕ್ಯೋಟೋ ಅನಿಮೇಷನ್ ಸಂಸ್ಥೆ ಇದನ್ನು 26 ಕಂತುಗಳ ಟಿವಿ ಸರಣಿಯಾಗಿ ಮಾಡಿತು. ಆ ವರ್ಷದ ಮಾರ್ಚ್ 11ರ ಭೂಕಂಪ, ಸುನಾಮಿ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಏಪ್ರಿಲ್ ಮೊದಲ ವಾರದಲ್ಲಿ ಪ್ರಸಾರ ಶುರುವಾಯಿತು.

ಕಥೆ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಯೂಕೋ, ಮಿಯೋ, ಮಾಯ್ ಎಂಬ ಮೂವರು ಹುಡುಗಿಯರು ಶಾಲೆಗೆ ಹೋಗುತ್ತಾರೆ, ಹೋಮ್‌ವರ್ಕ್ ಮರೆಯುತ್ತಾರೆ, ಬುತ್ತಿ ಬಿಚ್ಚಿ ತಿನ್ನುತ್ತಾರೆ, ಜಗಳವಾಡಿ ಮತ್ತೆ ಒಂದಾಗುತ್ತಾರೆ. ಅದೇ ಊರಿನ ಇನ್ನೊಂದು ಮನೆಯಲ್ಲಿ ಎಂಟು ವರ್ಷದ ವಿಜ್ಞಾನಿ ಹುಡುಗಿ ಹಕಾಸೆ ಇದ್ದಾಳೆ. ಅವಳೇ ತಯಾರಿಸಿದ ರೋಬೋಟ್ ಹುಡುಗಿ ನಾನೋ ಅವಳ ಜೊತೆಗಿದ್ದಾಳೆ. ಕೆಂಪು ಸ್ಕಾರ್ಫು ಕಟ್ಟಿದರೆ ಮಾತಾಡುವ ಕರಿ ಬೆಕ್ಕೂ ಇದೆ. ಶಾಲೆಯ ಪ್ರಿನ್ಸಿಪಾಲರು ಅಂಗಳದಲ್ಲಿ ಒಂದು ಜಿಂಕೆಯ ಜೊತೆ ಕುಸ್ತಿಗೆ ಬೀಳುತ್ತಾರೆ, ಯೂಕೋ ಕಿಟಕಿಯಿಂದ ಅದನ್ನು ನೋಡುತ್ತಾಳೆ. ಏಕೆ, ಏನು ಎಂದು ಯಾರೂ ವಿವರಿಸುವುದಿಲ್ಲ.

ಮೊದಲು ಹೆಸರನ್ನೇ ನೋಡೋಣ. ‘ನಿಚಿಜೋ’ ಎಂದರೆ ದಿನನಿತ್ಯದ ಬದುಕು. ‘ನಿಚಿ’ ಎಂದರೆ ದಿನ. ‘ಜೋ’ ಎಂದರೆ ಯಾವಾಗಲೂ ಇರುವಂಥದ್ದು, ಬದಲಾಗದ್ದು. ಧಮ್ಮಗ್ರಂಥಗಳು ಚೀನಾಕ್ಕೆ ಹೋದಾಗ ಅಲ್ಲಿಯ ಅನುವಾದಕರು ‘ಅನಿತ್ಯ’ ಎಂಬ ಮಾತಿಗೆ ಇದೇ ಅಕ್ಷರವನ್ನು ಆರಿಸಿಕೊಂಡು, ಅದರ ಹಿಂದೆ ‘ಇಲ್ಲ’ ಎಂಬ ಅಕ್ಷರ ಇಟ್ಟರು. ಜಪಾನಿಯಲ್ಲಿ ಅದು ‘ಮುಜೋ’. ಅಂದರೆ ‘ದಿನನಿತ್ಯ’ ಮತ್ತು ‘ಅನಿತ್ಯ’ ಎರಡೂ ಮಾತಿನ ಹೊಟ್ಟೆಯಲ್ಲಿ ಒಂದೇ ಅಕ್ಷರವಿದೆ. ನಮ್ಮ ಕನ್ನಡವೂ ಇದನ್ನೇ ಮಾಡಿದೆ. ನಿತ್ಯ ಹಾಲು ಹಾಕುವವನು, ನಿತ್ಯದ ಅಡುಗೆ, ನಿತ್ಯ ಬಸ್ಸಿನಲ್ಲಿ ಸಿಗುವ ಪರಿಚಯದ ಮುಖ ಎನ್ನುತ್ತೇವೆ. ಅದೇ ಬಾಯಲ್ಲಿ ಶಾಶ್ವತವಾದದ್ದಕ್ಕೂ ನಿತ್ಯ ಎನ್ನುತ್ತೇವೆ. ನಿನ್ನೆ ಆಗಿತ್ತು, ಇವತ್ತೂ ಆಯಿತು, ಹಾಗಾಗಿ ನಾಳೆಯೂ ಆಗುತ್ತದೆ ಎಂದು ಮನಸ್ಸು ಸದ್ದಿಲ್ಲದೆ ಒಪ್ಪಂದ ಮಾಡಿಕೊಂಡುಬಿಡುತ್ತದೆ. ಅನಿಚ್ಚ ಎಂದು ಬಾಯಲ್ಲಿ ಹೇಳುವ ನಾವೂ ನಾಳೆ ಬೆಳಗಿನ ಹಾಲಿನ ಬಗ್ಗೆ ಸಂಶಯ ಪಡುವುದಿಲ್ಲ.

ಈಗ ಸರಣಿಯ ಒಂದು ದೃಶ್ಯ. ಮಧ್ಯಾಹ್ನದ ಊಟದ ಹೊತ್ತು. ಯೂಕೋಳ ಬುತ್ತಿಯಲ್ಲಿ ಆಕ್ಟೋಪಸ್ ಆಕಾರದಲ್ಲಿ ಕತ್ತರಿಸಿದ ಒಂದು ಸಾಸೇಜ್ ಇದೆ. ಕಡ್ಡಿಗಳಿಂದ ಅದು ಜಾರುತ್ತದೆ. ಅಷ್ಟೇ ನಡೆದದ್ದು. ಆದರೆ ಪರದೆಯ ಮೇಲೆ ಕಾಲ ನಿಧಾನವಾಗುತ್ತದೆ, ಯುದ್ಧದ ಸಿನಿಮಾದಂತೆ ಸಂಗೀತ ಏರುತ್ತದೆ. ಆ ಒಂದು ತುಂಡಿಗಾಗಿ ಹುಡುಗಿಯ ಇಡೀ ಪ್ರಾಣ ಕಣ್ಣಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಕಡೆ ಯೂಕೋ ಕಾಫಿ ಅಂಗಡಿಗೆ ಹೋಗುತ್ತಾಳೆ. ಕಾಫಿಯ ಅಳತೆಗಳ ಹೆಸರು ಅವಳಿಗೆ ಗೊತ್ತಿಲ್ಲ. ಕೌಂಟರಿನವರು ಒಂದು ಪ್ರಶ್ನೆ ಕೇಳುತ್ತಾರೆ, ಇನ್ನೊಂದು ಕೇಳುತ್ತಾರೆ, ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಊರಿನಿಂದ ಹೊಸದಾಗಿ ಬೆಂಗಳೂರಿಗೆ ಬಂದು, ಎಸಿ ಹಾಕಿದ ಕಾಫಿ ಅಂಗಡಿಯ ಬೋರ್ಡಿನ ಮುಂದೆ ನಿಂತವರಿಗೆ ಈ ನಗು ಚೆನ್ನಾಗಿ ಅರ್ಥವಾಗುತ್ತದೆ.

ನಾವು ಓದಿದ ಒಂದು ಪದ ಇಲ್ಲಿ ಕೆಲಸಕ್ಕೆ ಬರುತ್ತದೆ: *ಪಪಂಚ*. ಮಜ್ಝಿಮ ನಿಕಾಯದ 18ನೆಯ ಸುತ್ತದಲ್ಲಿ ಮಹಾಕಚ್ಚಾನ ಥೇರರು ಇದನ್ನು ಬಿಡಿಸಿ ಹೇಳಿದ್ದಾರೆ. ಕಣ್ಣು, ರೂಪ, ಕಣ್ಣಿನ ಅರಿವು, ಈ ಮೂರೂ ಕೂಡಿದಾಗ ಫಸ್ಸ, ಅಂದರೆ ಸ್ಪರ್ಶ. ಸ್ಪರ್ಶದಿಂದ ವೇದನೆ. ವೇದನೆಯನ್ನು ಮನಸ್ಸು ಇದು ಇಂಥದ್ದು ಎಂದು ಗುರುತಿಸುತ್ತದೆ. ಗುರುತಿಸಿದ್ದರ ಬಗ್ಗೆ ಯೋಚಿಸುತ್ತದೆ. ಯೋಚಿಸಿದ್ದು ಹಬ್ಬುತ್ತದೆ. ಕೊನೆಗೆ ಹಬ್ಬಿದ ಆ ಬಳ್ಳಿಯೇ ಮನುಷ್ಯನನ್ನು ಸುತ್ತಿ ಹಾಕುತ್ತದೆ. ಸಾಸೇಜ್ ಬಿದ್ದದ್ದು ಫಸ್ಸ. ಅಯ್ಯೋ ಅನ್ನಿಸಿದ್ದು ವೇದನೆ. ನಂತರದ ಯುದ್ಧವೆಲ್ಲ ಪಪಂಚ. ‘ನಿಚಿಜೋ’ ಮಾಡುವ ತಮಾಷೆ ಇಷ್ಟೇ: ನಮ್ಮ ತಲೆಯ ಒಳಗೆ ದಿನವೂ ನಡೆಯುವ ಈ ಯುದ್ಧವನ್ನು ಹೊರಗೆ, ನಿಜವಾದ ಅಳತೆಯಲ್ಲಿ ಬಿಡಿಸಿ ತೋರಿಸುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ ಫೋಟೋಕ್ಕೆ ಚಿಕ್ಕಮ್ಮ ಏನೂ ಉತ್ತರಿಸಲಿಲ್ಲ ಎಂದು ನಾವು ಎರಡು ದಿನ ನಡೆಸುವ ಕದನವನ್ನೂ ಹೀಗೇ ಚಿತ್ರ ಬಿಡಿಸಿದರೆ ನಾವೇ ನಕ್ಕುಬಿಡುತ್ತೇವೆ.

ಆದರೆ ಅತಿಯಾಗಿ ಹೇಳಬಾರದು. ಅರಾವಿಯವರು ಧಮ್ಮ ಬೋಧಿಸಲು ಹೊರಟವರೆಂದು ನನಗೆ ಅನ್ನಿಸುವುದಿಲ್ಲ. ಇದು ನಗಿಸುವ ಸರಣಿ. ಕೆಲವು ಕಡೆ ಗಲಾಟೆ ಅತಿಯಾಯಿತು ಎಂದೂ ಅನ್ನಿಸುತ್ತದೆ. ಮೂವರಲ್ಲಿ ಮಾತು ಕಡಿಮೆಯ ಹುಡುಗಿ ಮಾಯ್‌ಗೆ ಮರದಲ್ಲಿ ಬುದ್ಧಮೂರ್ತಿ ಕೆತ್ತುವ ಹವ್ಯಾಸವಿದೆ. ಹಾಗೆಂದು ಅವಳನ್ನು ಉಪೇಕ್ಖೆಯ ಮಾದರಿ ಎನ್ನಲು ಹೋದರೆ ತಪ್ಪಾದೀತು. ಮುಖ ಗಂಟು ಹಾಕಿಕೊಂಡೇ ಗೆಳತಿಯರನ್ನು ಬಕ್ರಾ ಮಾಡುವುದರಲ್ಲಿ ಅವಳು ಎತ್ತಿದ ಕೈ!

ನಾನೋಳ ವಿಷಯ ಬೇರೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅವಳ ಬೆನ್ನಿನ ಮೇಲೆ ಒಂದು ದೊಡ್ಡ ಕೀ ಇದೆ, ಆಟಿಕೆಗೆ ಕೀ ಕೊಡುತ್ತೇವಲ್ಲ, ಅಂಥದ್ದು. ಎಲ್ಲರಂತೆ ಶಾಲೆಗೆ ಹೋಗಬೇಕು, ಯಾರಿಗೂ ತಾನು ರೋಬೋಟ್ ಎಂದು ತಿಳಿಯಬಾರದು ಎಂಬುದು ಅವಳ ಆಸೆ. ಕೀ ತೆಗೆದುಬಿಡು ಎಂದು ಹಕಾಸೆಯನ್ನು ಬೇಡುತ್ತಾಳೆ. ಹಕಾಸೆ ಅದು ಮುದ್ದಾಗಿದೆ ಎಂದು ತೆಗೆಯುವುದಿಲ್ಲ. ಸರಣಿಯ ಅರ್ಧ ದಾರಿಯಲ್ಲಿ ಶಾಲೆಗೆ ಸೇರಿದ ಮೇಲೂ ಕೀ ಮುಚ್ಚಿಡುವ ಪಾಡು ತಪ್ಪುವುದಿಲ್ಲ. ಕೀ ಅವಳಿಗೆ ನೋವು ಕೊಡುತ್ತಿಲ್ಲ. ‘ಅವರು ನೋಡಿದರೆ ಏನೆಂದುಕೊಂಡಾರು’ ಎಂಬುದು ನೋವು ಕೊಡುತ್ತಿದೆ. ನಮ್ಮಲ್ಲಿ ಜಾತಿಯ ಹೆಸರನ್ನು, ಕೇರಿಯ ಹೆಸರನ್ನು, ಅಪ್ಪನ ಕೆಲಸವನ್ನು ಬೆನ್ನಿನ ಕೀಯಂತೆ ಹೊತ್ತು ಶಾಲೆಗೆ ಹೋದವರು ಎಷ್ಟು ಜನರಿದ್ದೇವೆ! ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ನಾನೋಳ ಗೆಳತಿಯರು ಅವಳನ್ನು ಹೀಯಾಳಿಸಲಿಲ್ಲ, ನಮ್ಮವರನ್ನು ಹೀಯಾಳಿಸಿದವರು ನಿಜವಾಗಿಯೂ ಇದ್ದರು, ಇದ್ದಾರೆ. ಅದನ್ನು ಬರೀ ಮನಸ್ಸಿನ ಆಟ ಎಂದು ತಳ್ಳಿಹಾಕುವುದು ಧಮ್ಮವಲ್ಲ. ಕೊನೆಯ ಕಂತಿನಲ್ಲಿ ಹಕಾಸೆ ತಾನಾಗಿಯೇ ಕೀ ತೆಗೆಯಲು ಒಪ್ಪುತ್ತಾಳೆ. ಆಗ ನಾನೋ, ಇರಲಿ ಬಿಡು ಎನ್ನುತ್ತಾಳೆ. ಕೀ ಇದ್ದಲ್ಲೇ ಉಳಿಯಿತು, ಹೋದದ್ದು ಅದನ್ನು ಹಿಡಿದುಕೊಂಡಿದ್ದ ಹಿಡಿತ. ಪಕ್ಕದಲ್ಲಿ ಗೆಳತಿಯರು ಇದ್ದದ್ದರಿಂದ ಅದು ಸಡಿಲವಾಯಿತು. ಕಲ್ಯಾಣಮಿತ್ರತೆಯೇ ಪೂರ್ತಿ ಬ್ರಹ್ಮಚರ್ಯ ಎಂದು ಭಗವಾನರು ಆನಂದರಿಗೆ ತಿದ್ದಿ ಹೇಳಿದ್ದನ್ನು ಇಲ್ಲಿ ನೆನೆಯಬಹುದು.

ಇನ್ನು ಕಷ್ಟದ ಭಾಗ.

2019ರ ಜುಲೈ 18ರ ಬೆಳಿಗ್ಗೆ ಕ್ಯೋಟೋ ನಗರದ ಫುಶಿಮಿಯಲ್ಲಿ, ಇದೇ ಕ್ಯೋಟೋ ಅನಿಮೇಷನ್ನಿನ ಸ್ಟುಡಿಯೋಗೆ ಒಬ್ಬ ವ್ಯಕ್ತಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. ಕೆಲಸದಲ್ಲಿದ್ದ 36 ಜನ ತೀರಿಕೊಂಡರು. ‘ನಿಚಿಜೋ’ದ ಹುಡುಗಿಯರಿಗೆ ಪರದೆಯ ಮೇಲಿನ ರೂಪ ಕೊಟ್ಟ ಫುತೋಶಿ ನಿಶಿಯಾ ಅವರೂ ಅವರಲ್ಲಿ ಒಬ್ಬರು. ಸ್ಟುಡಿಯೋಗೆ ಹತ್ತಿರದ ರೈಲು ನಿಲ್ದಾಣದ ಹೆಸರು ರೊಕುಜಿಜೋ, ಅಂದರೆ ಆರು ಜಿಜೋ. ಆರು ಲೋಕಗಳಲ್ಲಿ ನರಳುವವರ ಜೊತೆಗಿರುವ ಕ್ಷಿತಿಗರ್ಭ ಬೋಧಿಸತ್ವನನ್ನು ಜಪಾನಿನಲ್ಲಿ ಜಿಜೋ ಎನ್ನುತ್ತಾರೆ.

ಬೆಂಕಿ ಹಚ್ಚಿದವನು ಏಕೆ ಹಾಗೆ ಮಾಡಿದ? ತಾನು ಸ್ಪರ್ಧೆಗೆ ಕಳಿಸಿದ ಕಾದಂಬರಿಯಿಂದ ಇವರು ಕದ್ದಿದ್ದಾರೆ ಎಂದು ಅವನು ನಂಬಿದ್ದ. ಸಂಸ್ಥೆ ಅದನ್ನು ಅಲ್ಲಗಳೆಯಿತು. ಅದು ಅವನ ಭ್ರಮೆ ಎಂದು ನ್ಯಾಯಾಲಯವೂ ಕಂಡಿತು. ಆದರೂ ಅವನಿಗೆ ಹೊಣೆಗಾರಿಕೆ ಇತ್ತೆಂದು 2024ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು. ರೋಗ ಎಷ್ಟು, ದ್ವೇಷ ಎಷ್ಟು ಎಂದು ತೂಗುವ ಕೆಲಸ ನಮ್ಮದಲ್ಲ. ಆದರೆ ಮಧುಪಿಂಡಿಕ ಸುತ್ತವನ್ನು ಮತ್ತೊಮ್ಮೆ ತೆರೆದು ನೋಡಿ. ಪಪಂಚದಲ್ಲಿ ರುಚಿ ಹಿಡಿಯದಿದ್ದಾಗ ಏನು ನಿಲ್ಲುತ್ತದೆ ಎಂದು ಭಗವಾನರು ಹೇಳುವ ಪಟ್ಟಿಯಲ್ಲಿ ರಾಗವಿದೆ, ದೃಷ್ಟಿಯಿದೆ, ಸಂಶಯವಿದೆ. ಅದೇ ಪಟ್ಟಿಯಲ್ಲಿ ದೊಣ್ಣೆ ಹಿಡಿಯುವುದು, ಕತ್ತಿ ಹಿಡಿಯುವುದೂ ಇದೆ. ಸಾಸೇಜ್‌ಗಾಗಿ ನಡೆದ ತಮಾಷೆಯ ಯುದ್ಧವೂ ಆ ಪೆಟ್ರೋಲ್ ಡಬ್ಬಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ ಎಂದು ಸುತ್ತ ಹೇಳುತ್ತಿದೆ. ಇದನ್ನು ಒಪ್ಪಲು ನನಗೆ ಸಮಯ ಹಿಡಿಯಿತು, ಪೂರ್ತಿ ಅರಗಿದೆ ಎಂದೂ ಹೇಳಲಾರೆ.

ಈ ಸುದ್ದಿ ತಿಳಿದ ಮೇಲೆ ಸರಣಿಯನ್ನು ನೋಡಿದರೆ ಕಣ್ಣು ಬೇರೆ ಕಡೆ ಹೋಗುತ್ತದೆ. ನಗೆ ಪ್ರಸಂಗಗಳ ನಡುವೆ ಏನೂ ನಡೆಯದ ಚಿತ್ರಗಳು ಬರುತ್ತವೆ: ಬೀದಿ, ಆಕಾಶ, ಖಾಲಿ ಜಾಗ. ಕೆಲವೇ ಸೆಕೆಂಡು. ಅದನ್ನು ಯಾರೋ ಕೂತು ಬಿಡಿಸಿದ್ದಾರೆ, ಯಾರೋ ಬಣ್ಣ ತುಂಬಿದ್ದಾರೆ. ಅವರಿಗೂ ಅದು ನಿತ್ಯದ ಕೆಲಸವಾಗಿತ್ತು. ಸಂಸ್ಥೆ ಮುಚ್ಚಲಿಲ್ಲ. ಉಳಿದವರು ಕೆಲಸಕ್ಕೆ ಮರಳಿದರು. 2025ರಲ್ಲಿ ಅರಾವಿಯವರದೇ ಇನ್ನೊಂದು ಕೃತಿ ‘ಸಿಟಿ’ಯನ್ನು ಸರಣಿಯಾಗಿ ಹೊರತಂದರು. ಅದೂ ಒಂದು ಊರಿನ ದಿನನಿತ್ಯದ ಕಥೆಯೇ.

ಮರಣಸತಿಯ ಬಗ್ಗೆ ಅಂಗುತ್ತರ ನಿಕಾಯದ ಆರರ ಗುಂಪಿನಲ್ಲಿ ಒಂದು ಸುತ್ತವಿದೆ. ನಾದಿಕದ ಇಟ್ಟಿಗೆ ಮನೆಯಲ್ಲಿ ಭಗವಾನರು ಭಿಕ್ಖುಗಳನ್ನು ಕೇಳುತ್ತಾರೆ, ನೀವು ಮರಣಸತಿಯನ್ನು ಹೇಗೆ ಭಾವಿಸುತ್ತೀರಿ ಎಂದು. ಒಂದು ಹಗಲು ರಾತ್ರಿ ಬದುಕಿದ್ದರೆ ಸಾಕು ಎಂದುಕೊಳ್ಳುತ್ತೇನೆ ಎನ್ನುತ್ತಾರೆ ಒಬ್ಬರು. ಒಂದು ಹಗಲು ಎನ್ನುತ್ತಾರೆ ಇನ್ನೊಬ್ಬರು. ಒಂದು ಊಟದ ಹೊತ್ತು ಎನ್ನುತ್ತಾರೆ ಮತ್ತೊಬ್ಬರು, ನಾಲ್ಕೈದು ತುತ್ತು ನುಂಗುವಷ್ಟು ಎನ್ನುತ್ತಾರೆ ಮಗದೊಬ್ಬರು. ಇವರೆಲ್ಲ ಮೈಮರೆತಿದ್ದಾರೆ ಎಂದರು ಭಗವಾನರು. ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಎಂದವರಿಬ್ಬರನ್ನು ಮಾತ್ರ ಎಚ್ಚರವಿದ್ದವರು ಎಂದರು.

*ಇಂದಿನ ಅಭ್ಯಾಸ:* ಇವತ್ತಿನ ಮಧ್ಯಾಹ್ನದ ಊಟದಲ್ಲಿ ಮೊದಲ ತುತ್ತನ್ನು ಫೋನು ಪಕ್ಕಕ್ಕಿಟ್ಟು ಪೂರ್ತಿ ಅಗಿದು ತಿನ್ನಿ. ಡಬ್ಬಿ ಕಟ್ಟಿಕೊಟ್ಟವರ ಮುಖ ನೆನಪಿಗೆ ಬಂದರೆ ಬರಲಿ, ಓಡಿಸಬೇಡಿ. ದಿನದಲ್ಲಿ ಎಲ್ಲಾದರೂ ಒಮ್ಮೆ ತಲೆಯೊಳಗೆ ಯುದ್ಧ ಶುರುವಾದರೆ, ನೆಲಕ್ಕೆ ಬಿದ್ದದ್ದು ನಿಜವಾಗಿ ಏನು ಎಂದು ಮಾತ್ರ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಭಾನುವಾರದ ಅಧ್ಯಯನಕ್ಕೆ ಮಧುಪಿಂಡಿಕ ಸುತ್ತವನ್ನೇ ತೆಗೆದುಕೊಳ್ಳುತ್ತೇವೆ, ಬರುವಾಗ ಆ ಸಾಲನ್ನು ತನ್ನಿ. ಮನೆಯ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಅನಿಮೆಯ ಬಗ್ಗೆ ನಮಗಿಂತ ಹೆಚ್ಚು ಅವರಿಗೇ ಗೊತ್ತಿರುತ್ತದೆ.

ಭವತು ಸಬ್ಬ ಮಂಗಲಂ 🙏