ಕೂಸಿನ ಸ್ವೆಟರು: ಕುಣಿಕೆ ಕುಂದಿಸುವ ಕ್ರಮ

ಹಸುಗೂಸಿನ ಸ್ವೆಟರನ್ನು ಹೆಣೆಯಲು ಕುಳಿತವರಲ್ಲಿ ಅನೇಕರು ಮೈಭಾಗವನ್ನೂ ತೋಳುಗಳನ್ನೂ ನಿರಾಯಾಸವಾಗಿ ಮುಗಿಸಿ, ಕಂಕುಳಿನಿಂದ ಕೊರಳಿನವರೆಗಿನ ಭಾಗಕ್ಕೆ ಬಂದೊಡನೆ ಕೈಚೆಲ್ಲುವುದುಂಟು. ಅಲ್ಲಿ ಕುಣಿಕೆಗಳನ್ನು ಕುಂದಿಸುವ ವಿಧಾನಗಳು ಎರಡಾಗಿರುವುದೂ, ಯಾವುದು ಎಲ್ಲಿಗೆ ಸಲ್ಲತಕ್ಕದ್ದೆಂಬುದು ತಿಳಿಯದಿರುವುದೂ ಅದಕ್ಕೆ ಕಾರಣ.

ಮೂರು ತಿಂಗಳೊಳಗಿನ ಕೂಸಿನ ಎದೆಯ ಸುತ್ತಳತೆ ಸುಮಾರು 40 ಸೆಂಟಿಮೀಟರು. ಸಡಿಲಕ್ಕೆಂದು ಇನ್ನೈದು ಸೇರಿಸಬೇಕು. ಎಂಟನೆಯ ನಂಬರಿನ, ಎಂದರೆ 4 ಮಿಲಿಮೀಟರಿನ ಕಡ್ಡಿಯನ್ನೂ ಮೃದುವಾದ, ಎಳೆ ಉದುರದ ಡಬಲ್ ನಿಟ್ಟಿಂಗ್ ಉಲ್ಲನ್ನನ್ನೂ ತೆಗೆದುಕೊಂಡು, ಮೊದಲು ತುಣುಕೊಂದನ್ನು ಹೆಣೆದು ಅಳೆಯಿರಿ. ಹತ್ತು ಸೆಂಟಿಮೀಟರಿಗೆ 22 ಕುಣಿಕೆಗಳು ಬಂದರೆ ಮುಂದಿನ ಲೆಕ್ಕ ಸರಿಹೋಗುತ್ತದೆ.

ಮೈಗೆ 100 ಕುಣಿಕೆ ಹಾಕಿ, ಅಂಚುಪಟ್ಟಿಯೂ ಸೇರಿ 14 ಸೆಂಟಿಮೀಟರು ಹೆಣೆದು, ಎರಡೂ ಕಂಕುಳಲ್ಲಿ ನಾಲ್ಕು ನಾಲ್ಕು ಕುಣಿಕೆಗಳನ್ನು ಮುಚ್ಚಿರಿ. ತೋಳಿಗೆ 30 ಹಾಕಿ, ಕ್ರಮೇಣ 36ಕ್ಕೆ ಏರಿಸಿ, ಎರಡು ಅಂಚುಗಳಲ್ಲೂ ಎರಡೆರಡು ಮುಚ್ಚಿದರೆ 32 ಉಳಿಯುತ್ತವೆ. ಈಗ ಒಂದು ಮುಂಭಾಗದ 23, ತೋಳಿನ 32, ಬೆನ್ನಿನ 46, ಇನ್ನೊಂದು ತೋಳಿನ 32, ಇನ್ನೊಂದು ಮುಂಭಾಗದ 23, ಹೀಗೆ 156 ಕುಣಿಕೆಗಳನ್ನು ಒಂದೇ ಉದ್ದನೆಯ ಕಡ್ಡಿಗೆ ಸೇರಿಸಿ, ನಾಲ್ಕು ಸಂಧಿಗಳಲ್ಲಿಯೂ ಬಣ್ಣದ ದಾರದ ಗುರುತು ಹಾಕಿರಿ.

ಇನ್ನು ಮುಖ್ಯವಾದ ವಿಷಯ. ಎರಡು ಕುಣಿಕೆಗಳನ್ನು ಒಟ್ಟಿಗೆ ನಿಟ್ ಮಾಡಿದಾಗ ಎಡಗಡೆಯದು ಬಲಗಡೆಯದರ ಮೇಲೆ ಬಂದು ಕೂರುತ್ತದೆ. ಆದಕಾರಣ ಆ ಹೆಣಿಗೆ ಬಲಕ್ಕೆ ಒರಗುತ್ತದೆ. ಒಂದನ್ನು ಹೆಣೆಯದೆ ಬಲಗಡ್ಡಿಗೆ ಜಾರಿಸಿ, ಮುಂದಿನದನ್ನು ನಿಟ್ ಮಾಡಿ, ಜಾರಿಸಿದ್ದನ್ನು ಅದರ ಮೇಲಿಂದ ಎತ್ತಿ ದಾಟಿಸಿದರೆ ಬಲಗಡೆಯದೇ ಮೇಲಾಗಿ, ಒರಗು ಎಡಕ್ಕೆ ತಿರುಗುತ್ತದೆ. ಬೆನ್ನನ್ನೇ ಗಮನಿಸಿ: ಮೇಲೇರಿದಂತೆ ಅದರ ಬಲ ಅಂಚು ಎಡಕ್ಕೂ ಎಡ ಅಂಚು ಬಲಕ್ಕೂ ಸರಿಯಬೇಕಷ್ಟೆ. ಆದ್ದರಿಂದ ಗುರುತಿಗೆ ಮೂರು ಕುಣಿಕೆ ಮೊದಲೇ ನಿಂತು, ಎರಡನ್ನು ಒಟ್ಟಿಗೆ ಹೆಣೆದು, ಒಂದು ನಿಟ್ ಮಾಡಿ, ಗುರುತನ್ನು ದಾಟಿದ ಮೇಲೆ ಒಂದು ನಿಟ್ ಮಾಡಿ, ಬಳಿಕ ಜಾರಿಸಿ ದಾಟಿಸತಕ್ಕದ್ದು. ಆಗ ಸಂಧಿಯ ಎರಡು ಕುಣಿಕೆಗಳು ಕಂಕುಳಿನಿಂದ ಕೊರಳಿನವರೆಗೆ ಅಖಂಡವಾದ ಗೆರೆಯಾಗಿ ಏರುತ್ತವೆ. ಎಲ್ಲೆಡೆಯೂ ಒಂದೇ ವಿಧಾನವನ್ನು ಬಳಸಿದರೆ ಗೆರೆಯ ಒಂದು ಬದಿ ನಯವಾಗಿದ್ದು, ಇನ್ನೊಂದು ಗರಗಸದಂತೆ ಮುರಿದು ಕಾಣುತ್ತದೆ.

ಕುಂದಿಸುವ ಸಾಲು ಹೊರಬದಿಯಲ್ಲಿ ಮಾತ್ರ. ಒಳಬದಿಯ ಸಾಲನ್ನು ಪೂರ್ತಿ ಪರ್ಲ್ ಮಾಡಿರಿ. ಪ್ರತಿ ಬಾರಿಯೂ ಎಂಟು ಕಡಮೆಯಾಗಿ 148, 140 ಎಂದು ಇಳಿಯಬೇಕು. ಇಳಿಯದಿದ್ದರೆ ಮುಂದುವರಿಯದೆ ಅಲ್ಲಿಯೇ ತಪ್ಪನ್ನು ಹುಡುಕುವುದು ಲೇಸು. ಹನ್ನೆರಡು ಬಾರಿ ಕುಂದಿಸಿದಾಗ 60 ಉಳಿಯುತ್ತವೆ. ಕೊರಳಪಟ್ಟಿಯನ್ನು ಐದು ಸಾಲು ಹೆಣೆದು, ದಪ್ಪ ಕಡ್ಡಿಯಿಂದ ಸಡಿಲವಾಗಿ ಮುಚ್ಚಿರಿ. ಬಳಿಕ ತೋಳುಗಳನ್ನೂ ಕಂಕುಳನ್ನೂ ಹೊಲಿದು, ಮುಂದಿನ ಅಂಚುಗಳಿಗೆ ಗುಂಡಿಪಟ್ಟಿ ಹೆಣೆಯಿರಿ. ಒಳಗಡೆ ಸಡಿಲವಾದ ಎಳೆಯೊಂದು ಉಳಿದರೂ ಕೂಸಿನ ಪುಟ್ಟ ಬೆರಳು ಸಿಕ್ಕಿಕೊಳ್ಳುವುದರಿಂದ ದಾರದ ತುದಿಗಳನ್ನೆಲ್ಲ ಹೆಣಿಗೆಯೊಳಗೆ ಹುದುಗಿಸಿ, ಗುಂಡಿಗಳನ್ನು ಬಲವಾಗಿ ಎಳೆದು ಪರೀಕ್ಷಿಸಿದ ಮೇಲೆಯೇ ಕೂಸಿಗೆ ತೊಡಿಸಿರಿ.